ಪರಿಸರ ಸ್ನೇಹಿ ಗ್ಯಾಸ್ ಹಾಕ್ತೇನೆ ಅಂದವನನ್ನು ನಂಬಿ ಕಂಪ್ರೆಸರ್ ಕಳೆದುಕೊಂಡೆ

ಕಾರವಾರ, ಅಂಕೋಲಾ, ಕುಮಟಾ ಕಡೆ ಕೋಲ್ಡ್ ರೂಮ್ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಬರೆಯಲಿಕ್ಕೆ ನಾಚಿಕೆ ಆಗ್ತದೆ. ಆದರೂ ಬರೀತಿದ್ದೇನೆ, ಅದೇ ಮನುಷ್ಯ ಈಗ ಬೇರೆ ಮೀನಿನವರ ಬಾಗಿಲಿಗೆ ಹೋಗ್ತಿದ್ದಾನಂತೆ.

ಅಂಕೋಲಾದಲ್ಲಿ ನಮ್ಮದೊಂದು ಸಣ್ಣ ಕೋಲ್ಡ್ ರೂಮ್. ಹನ್ನೊಂದು ವರ್ಷ ಆರ್-22 ಅನ್ನೋ ತಂಪು ಮಾಡುವ ಗ್ಯಾಸಿನಲ್ಲೇ ಓಡಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಕಡಲಿಗೆ ಇಳಿಯೂದಿಲ್ಲವಲ್ಲ, ಆ ಎರಡು ತಿಂಗಳ ವ್ಯಾಪಾರಕ್ಕೆಂದು ಮೇ ತಿಂಗಳಲ್ಲೇ ಇಸ್ವಾಣ ಮೀನು, ಸಿಗಡಿ ತುಂಬಿಸಿಡ್ತೇವೆ. ಸರ್ವೀಸಿಗೆ ಒಬ್ಬ ಮೆಕ್ಯಾನಿಕ್‌ನನ್ನು ಕರೆದರೆ, ಬಂದವನೇ "ಅಕ್ಕಾ, ಆರ್-22 ಬಂದ್ ಆಗ್ತದೆ, ಓಜೋನ್ ಹಾಳು ಮಾಡ್ತದೆ ಅದು. ಇದೇ ಕಂಪ್ರೆಸರಿಗೆ ಪರಿಸರ ಸ್ನೇಹಿ ಗ್ಯಾಸ್ ಹಾಕಿ ಕೊಡ್ತೇನೆ, ಒಂದೇ ದಿನದ ಕೆಲಸ" ಅಂದ. 18,500 ರೂಪಾಯಿ. ಒಳ್ಳೇ ಕೆಲಸವೇ ಅನ್ನಿಸಿತು. ಕೊಟ್ಟೆ.

ಹಳೇ ಗ್ಯಾಸನ್ನು ಸಿಲಿಂಡರಿಗೆ ತುಂಬಿಕೊಳ್ಳಲೂ ಇಲ್ಲ. ಹಿತ್ತಿಲಲ್ಲಿ ಪೈಪ್ ಬಿಚ್ಚಿ ಬುಸ್ಸೆಂದು ಗಾಳಿಗೆ ಬಿಟ್ಟ. ಓಜೋನ್ ಹೆಸರು ಹೇಳಿ ದುಡ್ಡು ಇಸಕೊಂಡವನು! ನಾನು ಅಲ್ಲೇ ನಿಂತು ನೋಡ್ತಿದ್ದೆ, ಏನೂ ಕೇಳಲಿಲ್ಲ.

ಅದರ ಬದಲಿಗೆ ಹಾಕಿದ್ದು ಆರ್-404ಎ ಅನ್ನೋ ಗ್ಯಾಸ್. ಇಪ್ಪತ್ತಮೂರನೇ ದಿನ ಕಂಪ್ರೆಸರ್ ಜಾಮ್. ಬೆಳಿಗ್ಗೆ ಬಾಗಿಲು ತೆಗೆದರೆ ನೆಲದ ಮೇಲೆಲ್ಲ ನೀರು, ಮೀನೆಲ್ಲ ಮೆತ್ತಗೆ. ಫೋನ್ ಮಾಡಿದರೆ "ವೋಲ್ಟೇಜ್ ಸಮಸ್ಯೆ ಅಕ್ಕಾ". ಮಾರನೇ ದಿನ "ಉಪ್ಪು ಗಾಳಿ". ಆಮೇಲೆ "ಹಳೇ ಕಂಪ್ರೆಸರಿಗೆ ನಾನೇನು ಗ್ಯಾರಂಟಿ ಕೊಟ್ಟಿದ್ದೆನಾ?"

ಕುಮಟಾದಿಂದ ಬೇರೆ ಮೆಕ್ಯಾನಿಕ್ ಬಂದು ಬಿಚ್ಚಿ ತೋರಿಸಿದರು. ಆಯಿಲ್ ಬದಲಿಸಿಯೇ ಇಲ್ಲ. ಆರ್-22ಕ್ಕೆ ಹಾಕುವುದು ಮಿನರಲ್ ಆಯಿಲ್, ಅದು ಆರ್-404ಎ ಜೊತೆ ಬೆರೆಯೂದಿಲ್ಲ. ಗ್ಯಾಸಿನ ಜೊತೆ ಹೋದ ಎಣ್ಣೆ ಪೈಪಿನಲ್ಲೇ ಉಳೀತದೆ, ವಾಪಸ್ ಬರೂದಿಲ್ಲ, ಕಂಪ್ರೆಸರ್ ಒಣಗಿ ಸವೆದು ಹೋಗ್ತದೆ. ಹಳೇ ಎಣ್ಣೆ ತೆಗೆದು ಪಿಒಇ ಅನ್ನೋ ಸಿಂಥೆಟಿಕ್ ಆಯಿಲ್ ತುಂಬಬೇಕಿತ್ತು, ತೇವ-ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದು ಹಾಕಬೇಕಿತ್ತು, ಗ್ಯಾಸಿನ ಹರಿವು ಹತೋಟಿ ಮಾಡುವ ಎಕ್ಸ್‌ಪಾನ್ಶನ್ ವಾಲ್ವ್ ಕೂಡ. ಒಂದೂ ಮಾಡಿಲ್ಲ. ಇನ್ನು ಪರಿಸರ ಸ್ನೇಹಿ ಅನ್ನೋ ಮಾತು: ಆರ್-404ಎ ಓಜೋನಿಗೆ ತೊಂದರೆ ಮಾಡೂದಿಲ್ಲ, ನಿಜ. ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಅದು ಆರ್-22ಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಇದನ್ನೆಲ್ಲ ಆ ಗ್ಯಾಸ್ ಹಾಕಿದವನ ಹತ್ತಿರ ಕೇಳಿದಾಗ ಅವನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಹಾಗಾದ್ರೆ ಹೊಸ ಕಂಪ್ರೆಸರ್ ತನ್ನಿ ಅಕ್ಕಾ, ಆರ್-290 ಹಾಕಿ ಕೊಡ್ತೇನೆ. ಅದಕ್ಕೆ ಮಿನರಲ್ ಆಯಿಲೇ ನಡೀತದೆ." ಅಂದರೆ ಎಣ್ಣೆಯ ವಿಷಯ ಅವನಿಗೆ ಮೊದಲೇ ಗೊತ್ತಿತ್ತು! ಗೊತ್ತಿದ್ದೂ ಹಾಕಿದ್ದ! ಆರ್-290 ಅಂದರೆ ಪ್ರೊಪೇನ್, ಬೆಂಕಿ ಹಿಡಿಯುವ ಗ್ಯಾಸ್. ಅದಕ್ಕೆಂದೇ ತಯಾರಾದ ಯಂತ್ರಕ್ಕೆ ಮಾತ್ರ ಅದು. ನಮ್ಮ ಮುಚ್ಚಿದ ರೂಮಿನಲ್ಲಿ, ಹಳೇ ವೈರಿಂಗಿನ ಪಕ್ಕದಲ್ಲಿ ಅದನ್ನು ತುಂಬಲಿಕ್ಕೆ ಹೊರಟಿದ್ದ.

ಆರ್-22 ಕಡಿಮೆ ಆಗ್ತಿರುವುದು ಸುಳ್ಳಲ್ಲ, ಓಜೋನ್ ಉಳಿಸಲಿಕ್ಕೆ ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರ ಹೊತ್ತಿಗೆ ನಮ್ಮ ದೇಶದಲ್ಲಿ ಬಹುತೇಕ ನಿಲ್ಲಬೇಕು. ಆದರೆ ಓಡುತ್ತಿರುವ ಯಂತ್ರವನ್ನು ಇವತ್ತೇ ಬದಲಿಸಿ ಅಂತ ಯಾರೂ ಹೇಳಿಲ್ಲ. ಬದಲಿಸುವುದೇ ಆದರೆ ಕಂಪ್ರೆಸರ್ ಕಂಪನಿಯವರು ಆ ಗ್ಯಾಸಿಗೆ ಒಪ್ಪಿದ್ದಾರಾ ನೋಡಿ, ಯಾವ ಗ್ಯಾಸ್, ಯಾವ ಆಯಿಲ್ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನನ್ನ ಹತ್ತಿರ ಬಿಲ್ಲೇ ಇಲ್ಲ. ಕೇಳಿದಾಗ "ನಮ್ಮೊಳಗೆ ಬಿಲ್ ಯಾಕೆ ಅಕ್ಕಾ" ಅಂದಿದ್ದ.