ಲ್ಯಾನ್ಸರ್, ಬ್ಯಾಟಲ್‌ಟೆಕ್, ಬೀಮ್ ಸೇಬರ್: ಕಲಬುರಗಿಯಿಂದ ಆಡಿ ನೋಡಿದ ಮೂರು ರೋಬೋಟ್ ಆಟಗಳು

"ಅಕ್ಕಾ, ರೋಬೋಟ್ ಕ್ಯಾಂಪೇನ್‌ಗೆ ಸೇರ್ಬೇಕಂತ ಮಾಡೀನಿ, ಯಾವ್ದು ಛಲೋ ಅದ?" ಅಂತ ಕಾಲೇಜಿನ ಹುಡುಗರು ಈಗೀಗ ಕೇಳುತ್ತಾರೆ. ನಾನು ಶುರು ಮಾಡಿದಾಗ ಕೇಳೋಣ ಅಂದ್ರೆ ಈ ಊರಲ್ಲಿ ಯಾರೂ ಸಿಕ್ಕಿರಲಿಲ್ಲ. ಹಾಗಾಗಿ ಮೂರು ಆಟಗಳನ್ನು ಮನೆಯಿಂದಲೇ ಆಡಿ ನೋಡಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನನಗೆ ಹೆಚ್ಚು ಹಿಡಿಸಿದ್ದು ಲ್ಯಾನ್ಸರ್. ಆದರೂ ಹೊಸಬರಿಗೆ ನಾನು ಮೊದಲು ಹೇಳುವುದು ಬೀಮ್ ಸೇಬರ್. ಯಾಕೆ ಅಂದ್ರೆ, ದೂರದಿಂದ ಸೇರುವವರಿಗೆ ಪುಸ್ತಕದ ನಿಯಮಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಿಮ್ಮ ಸರದಿ ಯಾವ ಹೊತ್ತಿಗೆ ಬರುತ್ತದೆ, ಬಂದಾಗ ಯೋಚಿಸಲು ಎಷ್ಟು ಟೈಮ್ ಸಿಗುತ್ತದೆ ಅನ್ನುವುದು.

ಇಂಥ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಜಿಎಂ ಅಂತ ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬ ಪೈಲಟ್. ಏನು ಮಾಡುತ್ತೀರಿ ಅಂತ ನೀವು ಹೇಳುತ್ತೀರಿ, ಆಗುತ್ತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಅದೇ ಪೈಲಟ್‌ಗಳು, ಅದೇ ಕಥೆ ತಿಂಗಳುಗಟ್ಟಲೆ ಮುಂದುವರಿದರೆ ಅದು ಕ್ಯಾಂಪೇನ್. ಪೈಲಟ್ ಕೂರುವ ದೈತ್ಯ ಯಂತ್ರಕ್ಕೆ ಎಲ್ಲರೂ ಮೆಕ್ ಅಂತಲೇ ಕರೆಯುತ್ತಾರೆ.

ಮೊದಲು ಲ್ಯಾನ್ಸರ್. 2019ರಲ್ಲಿ ಮ್ಯಾಸಿಫ್ ಪ್ರೆಸ್ ತಂದ ಆಟ. ಬರೆದವರು ಮಿಗೆಲ್ ಲೋಪೆಜ್ ಮತ್ತು ಟಾಮ್ ಪಾರ್ಕಿನ್ಸನ್-ಮಾರ್ಗನ್. ಆಟಗಾರರಿಗೆ ಬೇಕಾದ ನಿಯಮಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಪೈಲಟ್ ಮತ್ತು ಮೆಕ್ ಜೋಡಿಸಲು ಕಾಂಪ್‌ಕಾನ್ ಅಂತ ಒಂದು ತಂತ್ರಾಂಶ ಇದೆ, ಬ್ರೌಸರ್‌ನಲ್ಲೇ ತೆರೆಯುತ್ತದೆ, ಅದಕ್ಕೂ ದುಡ್ಡಿಲ್ಲ. ನಾನು ಸೇರಿದ ತಂಡ ಫೌಂಡ್ರಿಯಲ್ಲಿ ಆಡುತ್ತಿತ್ತು. ನಕ್ಷೆ, ದಾಳ ಎಲ್ಲ ಪರದೆ ಮೇಲೆ ತೋರಿಸುವ ತಂತ್ರಾಂಶ ಅದು. ಅದರ ಲೈಸೆನ್ಸನ್ನು ಜಿಎಂ ಒಬ್ಬರೇ ಒಮ್ಮೆ ಕೊಂಡರೆ ಸಾಕು. ಆಟಗಾರರ ಜೇಬಿಗೆ ಕೈ ಹೋಗುವುದಿಲ್ಲ.

ಲ್ಯಾನ್ಸರ್‌ನಲ್ಲಿ ಎಲ್ಲರೂ ಸಮಾನವಾಗಿ ಶುರು ಮಾಡುತ್ತಾರೆ. ಲೈಸೆನ್ಸ್ ಮಟ್ಟ, ಅಂದರೆ ಪೈಲಟ್‌ನ ದರ್ಜೆ, 0 ಇರುವಾಗ ಮೂಲ ಪುಸ್ತಕ ಕೊಡುವ ಮೆಕ್ ಒಂದೇ, ಎವರೆಸ್ಟ್. ಒಂದೊಂದು ಮಿಷನ್ ಮುಗಿದ ಹಾಗೆ ಒಂದೊಂದು ಮಟ್ಟ ಏರಿ 12ರವರೆಗೆ ಹೋಗಬಹುದು. ಮೇಲೇರಿದ ಹಾಗೆ ಬೇರೆ ಬೇರೆ ಕಂಪನಿಗಳ ಮೆಕ್, ಬಂದೂಕು, ಕವಚ ಎಲ್ಲ ತೆರೆದುಕೊಳ್ಳುತ್ತವೆ. ಅವನ್ನು ಬೆರೆಸಿ ನಮ್ಮದೇ ಮೆಕ್ ಕಟ್ಟಿಕೊಳ್ಳುವುದರಲ್ಲಿ ಇರುವ ಸುಖ ಬೇರೆ ಯಾವ ಆಟದಲ್ಲೂ ನನಗೆ ಸಿಕ್ಕಿಲ್ಲ. ಪ್ರತಿ ಪೈಲಟ್‌ಗೂ ಒಂದು ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಕರೆಯುವ ಹೆಸರು ಬೇಕು. ನಾನು "ಕಾಗಿಣಾ" ಅಂತ ಇಟ್ಟುಕೊಂಡೆ. ಸೇಡಂ, ಮಳಖೇಡದ ಪಕ್ಕ ಹರಿಯುವ ನಮ್ಮ ಹೊಳೆ ಅದು. ತಂಡದವರು ಅದನ್ನು ಸರಿಯಾಗಿ ಕರೆಯಲು ಕಲಿತರು. ರೇಡಿಯೋದಲ್ಲಿ ಕೂಗಿದ ಹಾಗೆ "ಕಾಗಿಣಾ, ಎಡಕ್ಕೆ!" ಅಂದಾಗ ಮೈ ಜುಮ್ ಅನ್ನುತ್ತಿತ್ತು.

ಒಂದು ಸರದಿ ಹೇಗಿರುತ್ತದೆ ಅಂತ ತೋರಿಸುತ್ತೇನೆ. ಸರದಿಯಲ್ಲಿ ಓಡಾಟದ ಜೊತೆ ಎರಡು ಸಣ್ಣ ಕೆಲಸ ಅಥವಾ ಒಂದು ದೊಡ್ಡ ಕೆಲಸ ಮಾಡಬಹುದು. ಸಾಲದಿದ್ದರೆ ಓವರ್‌ಚಾರ್ಜ್ ಮಾಡಿ ಇನ್ನೊಂದು ಸಣ್ಣ ಕೆಲಸ ಗಿಟ್ಟಿಸಬಹುದು. ಅದಕ್ಕೆ ಕೊಡುವ ಬೆಲೆ ಬಿಸಿ. ಮೊದಲ ಸಲ 1, ಎರಡನೇ ಸಲ ಮೂರರ ದಾಳ (1ರಿಂದ 3) ತೋರಿಸಿದಷ್ಟು, ಮೂರನೇ ಸಲ ಆರರ ದಾಳ ತೋರಿಸಿದಷ್ಟು. ನನ್ನ ಎವರೆಸ್ಟ್ ತಡೆಯುವ ಬಿಸಿ 6. ಆಗಲೇ 3 ಏರಿತ್ತು. ಗೆಳೆಯನ ಮೆಕ್ ಗೋಡೆಗೆ ಒತ್ತಿಕೊಂಡು ಬಿದ್ದಿತ್ತು, ಶತ್ರು ಅದರ ಮೇಲೆ ಗುರಿ ಇಟ್ಟಿದ್ದ. ಮೂರನೇ ಓವರ್‌ಚಾರ್ಜ್ ಮಾಡಿದೆ. ದಾಳ 5 ತೋರಿಸಿತು. ಒಟ್ಟು 8, ಮಿತಿ ದಾಟಿತು. ಎಂಜಿನ್‌ನ ನಾಲ್ಕು ಸ್ಟ್ರೆಸ್‌ನಲ್ಲಿ (ಎಂಜಿನ್‌ನ ತಾಳಿಕೆಯ ಅಂಕ) ಒಂದು ಹೋಯಿತು, ಮಿಕ್ಕ 2 ಬಿಸಿ ಉಳಿಯಿತು. ಏನು ಕೆಟ್ಟಿತು ನೋಡಲು ಮತ್ತೆ ದಾಳ ಹಾಕಬೇಕು. ಬಿದ್ದದ್ದು 3. ಅಂದರೆ ನನ್ನ ಮೆಕ್ ಈಗ ಎಕ್ಸ್‌ಪೋಸ್ಡ್, ಯಾರು ಹೊಡೆದರೂ ಪೆಟ್ಟು ದುಪ್ಪಟ್ಟು. ಆದರೂ ಆ ಹೆಚ್ಚಿನ ಕೆಲಸ ನನ್ನ ಕೈಯಲ್ಲಿತ್ತು. ಶತ್ರುವಿಗೆ ಡಿಕ್ಕಿ ಹೊಡೆದು ಅವನನ್ನು ಗೆಳೆಯನಿಂದ ದೂರ ತಳ್ಳಿದೆ. ಮುಂದಿನ ಸರದಿ ಪೂರ್ತಿ ಮೆಕ್ ತಣ್ಣಗೆ ಮಾಡುವುದಕ್ಕೇ ಹೋಯಿತು.

ಲ್ಯಾನ್ಸರ್‌ನ ಜೀವ ಇರುವುದು ಇಲ್ಲೇ. ಎಷ್ಟು ಬಿಸಿ ತಡೆಯುತ್ತೇನೆ, ಯಾರಿಗೋಸ್ಕರ ತಡೆಯುತ್ತೇನೆ ಅನ್ನುವ ಲೆಕ್ಕ ಪ್ರತಿ ಸರದಿಯಲ್ಲೂ ಕಣ್ಣ ಮುಂದೆ ಇರುತ್ತದೆ.

ತೊಂದರೆ ಇರುವುದು ಗಡಿಯಾರದಲ್ಲಿ. ನಮ್ಮ ಜಿಎಂ ಇದ್ದದ್ದು ಅಮೆರಿಕದ ಪೂರ್ವ ಕರಾವಳಿಯಲ್ಲಿ. ಅವರ ರಾತ್ರಿ 8 ಅಂದರೆ ನಮಗೆ ಮರುದಿನ ಬೆಳಗಿನ 5:30. ಬೇಸಿಗೆಯಲ್ಲಿ ಇದು ಒಳ್ಳೆಯದೇ ಆಯಿತು. ನಮ್ಮ ಊರಲ್ಲಿ ಮೇ ತಿಂಗಳು ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಹಗಲಲ್ಲಿ ಕೂಲರ್ ಇಲ್ಲದೆ ಕೂರೋಕೆ ಆಗಲ್ಲ. ಕೂಲರ್ ಹಾಕಿದರೆ ಅದರ ಸದ್ದು ಪೂರ್ತಿ ಮೈಕ್‌ಗೆ ಹೋಗುತ್ತದೆ. ಬೆಳಗ್ಗೆ ಎರಡೂ ಇರಲ್ಲ. ಹಗಲು, ರಾತ್ರಿ ಆಡುವವರು ಡಿಸ್ಕಾರ್ಡ್‌ನಲ್ಲಿ (ತಂಡದವರು ಮಾತಾಡಲು, ಬರೆಯಲು ಬಳಸುವ ಆ್ಯಪ್) ಬಟನ್ ಒತ್ತಿ ಮಾತಾಡುವ ಸೆಟ್ಟಿಂಗ್ ಇಟ್ಟುಕೊಳ್ಳಿ, ಸದ್ದಿನ ಕಾಟ ತಪ್ಪುತ್ತದೆ. ಕರೆಂಟ್ ಹೋದರೆ ರೌಟರ್ ನಿಲ್ಲದ ಹಾಗೆ ಸಣ್ಣ ಯುಪಿಎಸ್ ಕೂಡ ಬೇಕು. ಫೌಂಡ್ರಿ ಹಳೆಯ ಲ್ಯಾಪ್‌ಟಾಪ್‌ಗೆ ಭಾರ ಆಗುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್ ಕೆಳಗಿಳಿಸಿದ ಮೇಲೆ ನನ್ನದು ಓಡಿತು.

ಇಂಗ್ಲಿಷ್ ಮಾತಾಡುವ ಅಳುಕು ಬಹಳ ಜನರಿಗೆ ಇರುತ್ತದೆ. ಯುದ್ಧದ ಭಾಗದಲ್ಲಿ ಅದು ಅಷ್ಟು ಕಾಡಲಿಲ್ಲ, ಯಾಕಂದ್ರೆ ಎಲ್ಲಿಗೆ ಹೋಗುತ್ತೇನೆ, ಯಾರಿಗೆ ಹೊಡೆಯುತ್ತೇನೆ ಅಂದರೆ ಮುಗಿಯಿತು. ಮೆಕ್‌ನಿಂದ ಇಳಿದು ಪೈಲಟ್‌ಗಳು ಮಾತಾಡುವ ಭಾಗ ಕಷ್ಟ. ಅಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ, ಸಂದು ಹುಡುಕಿ ನುಗ್ಗಬೇಕು. ನಿಯಮವೂ ಆ ಭಾಗಕ್ಕೆ ಹೆಚ್ಚು ಆಸರೆ ಕೊಡುವುದಿಲ್ಲ. ಇಪ್ಪತ್ತರ ದಾಳ ಹಾಕಿ 10 ಅಥವಾ ಜಾಸ್ತಿ ಬಂದರೆ ಕೆಲಸ ಆಯಿತು, ಅಷ್ಟೇ. ಆ ಭಾಗ ಲ್ಯಾನ್ಸರ್‌ನಲ್ಲಿ ತೆಳುವಾಗಿದೆ ಅಂತ ನನಗೆ ಈಗಲೂ ಅನಿಸುತ್ತದೆ.

ಬ್ಯಾಟಲ್‌ಟೆಕ್ ಹಳೆಯ ಹುಲಿ. 1984ರಲ್ಲಿ ಬ್ಯಾಟಲ್‌ಡ್ರಾಯ್ಡ್ಸ್ ಅಂತ ಬಂತು, ಮರುವರ್ಷ ಈಗಿನ ಹೆಸರು ಪಡೆಯಿತು. ಇದನ್ನು ಆನ್‌ಲೈನ್ ಆಡಲು ಮೆಗಾಮೆಕ್ ಅನ್ನುವ ಮುಕ್ತ ತಂತ್ರಾಂಶ ಇದೆ. ಜಾವಾ ಇದ್ದರೆ ಸಾಕು, ಹಳೆಯ ಯಂತ್ರದಲ್ಲೂ ಓಡುತ್ತದೆ. ನಾನು ಇದನ್ನು ಆಡಿದ್ದು ಊರಿನವರ ಜೊತೆಗೇ, ದೊಡ್ಡಪ್ಪನ ಮಗ ಮತ್ತು ಅವನ ಗೆಳೆಯರು ಸೇರಿ. ಭಾನುವಾರ ಮಧ್ಯಾಹ್ನ ಆಟ, ಬಾಯಿಗೆ ಸುಸಲಾ ಮಿರ್ಚಿ.

ಇಲ್ಲೂ ಬಿಸಿಯ ಲೆಕ್ಕ ಇದೆ, ಆದರೆ ನಡೆ ಬೇರೆ. ಪಿಪಿಸಿ ಅನ್ನುವ ತೋಪು ಒಂದು ಸಲ ಹಾರಿಸಿದರೆ 10 ಬಿಸಿ. ಓಡಿದರೆ 2. ಎರಡು ಪಿಪಿಸಿ ಹಾರಿಸಿ ಓಡಿದರೆ 22. ಬಿಸಿ ಇಳಿಸುವ ಹೀಟ್‌ಸಿಂಕ್ ಹತ್ತು ಇದ್ದರೆ ಆ ಸುತ್ತಿನ ಕೊನೆಗೆ 10 ಇಳಿಯುತ್ತದೆ, 12 ಉಳಿಯುತ್ತದೆ. ಆಗ ನಡಿಗೆಯಲ್ಲಿ 2 ಕಡಿಮೆ, ಗುರಿ ಹಿಡಿಯಲು 1 ಅಂಕ ಜಾಸ್ತಿ ಬೇಕು. 14 ಮುಟ್ಟಿದರೆ ಮೆಕ್ ಆಫ್ ಆಗುವ ಭಯ ಶುರು, 30ಕ್ಕೆ ಆಫ್ ಆಗಿಯೇ ಆಗುತ್ತದೆ. ಲ್ಯಾನ್ಸರ್‌ನಲ್ಲಿ ಬಿಸಿ ಒಮ್ಮೆಲೇ ಸಿಡಿಯುತ್ತದೆ. ಇಲ್ಲಿ ಹಂತ ಹಂತವಾಗಿ ಮೆಕ್ ನಿಧಾನ ಆಗುತ್ತಾ, ಕಣ್ಣು ಮಂಜಾಗುತ್ತಾ ಹೋಗುತ್ತದೆ. ನಿಜವಾದ ಯಂತ್ರದ ಹಾಗೆ ಅನಿಸುವುದು ಇದೇ.

ಹೊಡೆತ ತಗುಲಲು ದಾಳದಲ್ಲಿ ಎಷ್ಟು ಬೀಳಬೇಕು ಅನ್ನುವ ಲೆಕ್ಕವೂ ಹಾಗೇ. ಪೈಲಟ್‌ನ ಗುರಿ 4, ನಾನು ಓಡಿದ್ದಕ್ಕೆ 2, ಶತ್ರು ನಕ್ಷೆಯಲ್ಲಿ ಐದಾರು ಮನೆ ಓಡಿದ್ದಕ್ಕೆ 2, ಮಧ್ಯಮ ದೂರಕ್ಕೆ 2. ಒಟ್ಟು 10. ಎರಡು ದಾಳದಲ್ಲಿ 10 ಅಥವಾ ಜಾಸ್ತಿ ಬೀಳುವುದು ಆರರಲ್ಲಿ ಒಂದು ಸಲ. ಈ ಕೂಡಿಸುವ ಕೆಲಸ ಪೂರ್ತಿ ಮೆಗಾಮೆಕ್ ಮಾಡಿಕೊಡುತ್ತದೆ, ಹೊಸಬರಿಗೆ ಅದು ದೊಡ್ಡ ಉಪಕಾರ. ಅದರ ಜೊತೆಗಾರ ಮೆಕ್‌ಎಚ್‌ಕ್ಯೂ ಬಾಡಿಗೆ ಸೈನ್ಯ ನಡೆಸುವ ಕ್ಯಾಂಪೇನ್‌ಗೆ ಇರುವುದು. ಪೈಲಟ್‌ಗಳ ಸಂಬಳ, ಬಿಡಿಭಾಗ, ರಿಪೇರಿ, ಗುತ್ತಿಗೆ ಎಲ್ಲದರ ಲೆಕ್ಕ ಅದರಲ್ಲಿದೆ. ನಮ್ಮ ಅಣ್ಣ ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಕೈ ಮುರಿದ ಮೆಕ್‌ಗೆ ಹೊಸ ಕೈ ತರಬೇಕೋ ಹಳೆಯದನ್ನೇ ಬೆಸೆಯಬೇಕೋ ಅಂತ ಅವನು ಲೆಕ್ಕ ಹಾಕುವಾಗ ಎಲ್ಲರೂ ಉಸಿರು ಹಿಡಿದು ಕೂರುತ್ತಿದ್ದರು. ಯುದ್ಧಕ್ಕಿಂತ ಆ ಮಾತುಕತೆಯೇ ನಮ್ಮ ಕಥೆಯಾಯಿತು, ಅದೂ ಪೂರ್ತಿ ಕನ್ನಡದಲ್ಲಿ.

ಆಟ ನಿಧಾನ. ಒಂದು ಸುತ್ತು ಅಂದರೆ ಮೆಕ್ ಲೋಕದಲ್ಲಿ 10 ಸೆಕೆಂಡ್, ನಮ್ಮ ಲೋಕದಲ್ಲಿ ಅರ್ಧ ತಾಸು. ಇನ್ನೊಂದು ತೊಡಕು ನೆಟ್‌ನದು. ಮೆಗಾಮೆಕ್‌ನಲ್ಲಿ ಒಬ್ಬರ ಕಂಪ್ಯೂಟರ್‌ಗೆ ಉಳಿದವರು ಬಂದು ಸೇರಬೇಕು. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚಿರುವುದು ಸಾಮಾನ್ಯ, ಆಗ ಹೊರಗಿನವರು ಒಳಗೆ ಬರೋಕೆ ಆಗಲ್ಲ. ನಮಗೂ ಹಾಗೇ ಆಯಿತು. ಒಂದೇ ಮನೆಯ ವೈಫೈನಲ್ಲಿ ಕೂತರೆ ಈ ತೊಂದರೆ ಇಲ್ಲ. ದೂರದವರಿದ್ದರೆ ಟೇಲ್‌ಸ್ಕೇಲ್ ಥರದ ಖಾಸಗಿ ನೆಟ್‌ವರ್ಕ್ ಎಲ್ಲರೂ ಹಾಕಿಕೊಳ್ಳಬೇಕು. ನಾವು ಅದನ್ನೇ ಹಾಕಿಕೊಂಡೆವು.

ಬೀಮ್ ಸೇಬರ್ ಆಸ್ಟಿನ್ ರ‍್ಯಾಮ್ಸಿ ಬರೆದದ್ದು. ಮುಗಿಯದ ಯುದ್ಧವೊಂದರಲ್ಲಿ ಸಿಕ್ಕಿಕೊಂಡ ಪೈಲಟ್‌ಗಳ ಕಥೆ. ಯುದ್ಧ ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ, ಬದುಕಿ ಹೊರಬರುವುದು ಇದ್ದರೂ ಇರಬಹುದು. ಇಲ್ಲಿ ಮನೆ ಎಣಿಸುವ ನಕ್ಷೆ ಬೇಕಿಲ್ಲ. ಆರರ ದಾಳಗಳನ್ನು ಹಾಕಿ ಎಲ್ಲಕ್ಕಿಂತ ದೊಡ್ಡದನ್ನು ನೋಡುತ್ತೀರಿ. 6 ಬಂದರೆ ಅಂದುಕೊಂಡಿದ್ದು ಆಯಿತು. 4 ಅಥವಾ 5 ಬಂದರೆ ಆಯಿತು, ಆದರೆ ಏನೋ ಒಂದು ಕೈತಪ್ಪಿತು. 3ಕ್ಕಿಂತ ಮೇಲೆ ಏನೂ ಬರದಿದ್ದರೆ ಕೆಟ್ಟಿತು. ಆ ನಡುವಿನ 4, 5 ಇದೆಯಲ್ಲ, ಕಥೆ ಅಲ್ಲಿ ಹುಟ್ಟುತ್ತದೆ.

ನಾನು ಇದನ್ನು ಆಡಿದ್ದು ಡಿಸ್ಕಾರ್ಡ್‌ನಲ್ಲಿ ಬರೆದು. ಮೈಕ್ ಇಲ್ಲ, ನಿಗದಿ ಹೊತ್ತಿಲ್ಲ. ದಿನಕ್ಕೊಂದು ಬರಹ ಹಾಕಿದರೆ ಸಾಕು. ಮಧ್ಯಾಹ್ನ ಬಸ್ಸಿನಲ್ಲಿ ಕೂತು ಮೊಬೈಲ್‌ನಲ್ಲಿ ಬರೆದೆ, ರಾತ್ರಿ ಅಡುಗೆ ಮುಗಿಸಿ ಬರೆದೆ. ಒಂದು ಇಂಗ್ಲಿಷ್ ಪದ ಹೊಳೆಯದಿದ್ದರೆ ಹುಡುಕಲು ಟೈಮ್ ಇದೆ. ಡೇಟಾ ಹೆಚ್ಚು ತಿನ್ನುವುದಿಲ್ಲ. ಯುದ್ಧ ಎಲ್ಲಿ ನಡೆಯಬೇಕು ಅಂತ ಜಿಎಂ ಕೇಳಿದಾಗ ನಾನು ಶಹಾಬಾದ್ ಕಲ್ಲಿನ ಗಣಿಯನ್ನು ಬರೆದುಕೊಟ್ಟೆ. ಪದರ ಪದರವಾಗಿ ಕೊರೆದ ನೆಲ, ಮೆಟ್ಟಿಲಿನ ಹಾಗೆ ಇಳಿಯುವ ಬಂಡೆ, ತಳದಲ್ಲಿ ಮಳೆ ನೀರು. ಒಬ್ಬರ ಮೆಕ್ ಅಂಚಿನ ಮೇಲೆ ಕಾಲಿಟ್ಟಾಗ 4 ಬಿತ್ತು. ಜಿಎಂ ಬರೆದದ್ದು ಇಷ್ಟೇ: ಗುರಿ ಸಿಕ್ಕಿತು, ಆದರೆ ಕಾಲ ಕೆಳಗಿನ ಕಲ್ಲು ಪದರ ಬಿಟ್ಟು ಜಾರುತ್ತಿದೆ. ನಮ್ಮ ಕಡೆಯ ಕಲ್ಲು ಒಡೆಯುವುದೇ ಹಾಗೆ ಅಂತ ಅದನ್ನು ಎಂದೂ ನೋಡದ ಮನುಷ್ಯ ನನ್ನ ಎರಡು ಸಾಲಿನಿಂದ ಹಿಡಿದಿದ್ದ. ಮೈಕ್ ಮುಂದೆ ಆ ಗಣಿಯನ್ನು ಅಷ್ಟು ಸಾವಧಾನವಾಗಿ ಹೇಳಲು ನನಗೆ ಯಾರೂ ಬಿಡುತ್ತಿರಲಿಲ್ಲ.

ಕೆಟ್ಟದ್ದು ಏನು ಅಂದ್ರೆ, ಬರೆದು ಆಡುವ ಕ್ಯಾಂಪೇನ್ ತಣ್ಣಗಾಗುವುದು ಬಹಳ ಸುಲಭ. ಒಬ್ಬರು ನಾಲ್ಕು ದಿನ ಬರೆಯದಿದ್ದರೆ ಎಲ್ಲರೂ ಕಾಯುತ್ತಾರೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ನಮ್ಮದೂ ಕಥೆಯ ನಡುವೆ ನಿಂತುಹೋಯಿತು. ಬೇಜಾರು ಇನ್ನೂ ಇದೆ. ಮೆಕ್ ಕಟ್ಟುವ ಸುಖವೂ ಇಲ್ಲಿ ಕಡಿಮೆ, ಯಂತ್ರದ ಅಂಕಿಸಂಖ್ಯೆ ಇಷ್ಟಪಡುವವರಿಗೆ ಹೊಟ್ಟೆ ತುಂಬುವುದಿಲ್ಲ.

ಹಾಗಾಗಿ ನನ್ನ ಮಾತು ಇದು. ಇಂಥ ಆಟಕ್ಕೆ ಪೂರ್ತಿ ಹೊಸಬರು, ಇಂಗ್ಲಿಷ್ ಮಾತಿಗೆ ಅಳುಕು ಇರುವವರು ಬೀಮ್ ಸೇಬರ್ ಬರೆದು ಆಡುವ ತಂಡಕ್ಕೆ ಸೇರಿ. ಎಷ್ಟು ದಿನಕ್ಕೊಮ್ಮೆ ಬರೆಯಬೇಕು ಅಂತ ನಿಯಮ ಇಟ್ಟಿರುವ ತಂಡವನ್ನೇ ಹುಡುಕಿ. ವಾರಕ್ಕೊಮ್ಮೆ ತಪ್ಪದೆ ಮೂರು ತಾಸು ಕೊಡಬಲ್ಲವರು ಲ್ಯಾನ್ಸರ್‌ಗೆ ಹೋಗಿ, ನಾನು ಈಗಲೂ ಅಲ್ಲೇ ಇದ್ದೇನೆ. ಊರಲ್ಲೇ ಮೂರು ಜನ ಸಿಕ್ಕರೆ ಬ್ಯಾಟಲ್‌ಟೆಕ್ ಬಿಡಬೇಡಿ. ಬರೀ ಅಪರಿಚಿತರ ಜೊತೆ ಅದನ್ನು ಆಡಲು ನಾನು ಹೇಳಲ್ಲ, ಅದರ ನಿಧಾನಕ್ಕೆ ಹರಟೆ ಬೇಕು.

ತಂಡ ಸೇರಲು ಅರ್ಜಿ ಹಾಕುವಾಗ ನಿಮ್ಮ ಪೈಲಟ್‌ನ ಉದ್ದದ ಇತಿಹಾಸ ಬರೆಯಬೇಡಿ. ಅವಳು ಯಾರಿಗೋಸ್ಕರ ಮೆಕ್ ಹತ್ತಿದಳು ಅಂತ ನಾಲ್ಕು ಸಾಲು ಸಾಕು. ಮೊದಲ ಭೇಟಿಯಲ್ಲೇ ಯಾವ ವಿಷಯ ಕಥೆಯಲ್ಲಿ ಬೇಡ ಅಂತ ಎಲ್ಲರನ್ನೂ ಕೇಳುವ ಜಿಎಂ ಸಿಕ್ಕರೆ ಆ ತಂಡ ಬಿಡಬೇಡಿ. ಬಿಡುವಿನ ಹೊತ್ತನ್ನು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಬರೆಯಿರಿ, ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. ಅಮೆರಿಕದವರು ನವೆಂಬರ್‌ನಲ್ಲಿ ಗಡಿಯಾರ ಒಂದು ತಾಸು ಹಿಂದಿಡುತ್ತಾರೆ, 5:30ರ ಆಟ 6:30ಕ್ಕೆ ಬರುತ್ತದೆ. ಇಂಗ್ಲೆಂಡಿನವರ ಸಂಜೆ 7ರ ಆಟ ಬೇಸಿಗೆಯಲ್ಲಿ ನಮಗೆ ರಾತ್ರಿ 11:30, ಚಳಿಗಾಲದಲ್ಲಿ 12:30. ಬೆಳಗ್ಗೆ ಡ್ಯೂಟಿ ಇರುವವರು ಇದನ್ನು ಸೇರುವ ಮೊದಲೇ ಜಿಎಂ ಹತ್ತಿರ ಮಾತಾಡಿಕೊಳ್ಳಿ.