ಮಳೆಗಾಲದ ನಿಷೇಧವೋ, ದೊಡ್ಡ ಕಣ್ಣಿನ ಬಲೆಯೋ?

ನಿಮ್ಮೂರಿನ ಮೀನುಗಾರರ ಸಂಘ ಮೀನು ಉಳಿಸಲು ಒಂದು ನಿಯಮ ಮಾಡಬೇಕೆಂದಿದೆಯಾ? ಮೊದಲು ನಿಮ್ಮ ನೀರು ಯಾವುದು ನೋಡಿ. ಬೀದರ್‌ನ ಕಾರಂಜಾ ಜಲಾಶಯಕ್ಕೆ ಒಂದು ಉತ್ತರ, ಕಲಬುರಗಿ, ಯಾದಗಿರಿಯಲ್ಲಿ ಹರಿಯುವ ಭೀಮೆಗೆ ಇನ್ನೊಂದು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸಣ್ಣ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಬಡವರ ಒಲೆ ಆರಬಾರದಲ್ವಾ? ಆ ಕಾಳಜಿ ನಮಗೂ ಬೇಕು.

ನದಿಗೆ ನಾನು ಮಳೆಗಾಲದ ನಿಷೇಧವನ್ನೇ ಆರಿಸುತ್ತೇನೆ. ಕಾಟ್ಲಾ, ರೋಹು ಮೀನುಗಳು ಹರಿಯುವ ಹೊಸ ನೀರಿನಲ್ಲಿ ಮೊಟ್ಟೆ ಇಡುತ್ತವೆ. ಆಗ ಒಂದು ದೊಡ್ಡ ಹೆಣ್ಣು ಮೀನು ಬಲೆಗೆ ಬಿದ್ದರೆ ಲಕ್ಷಗಟ್ಟಲೆ ಮೊಟ್ಟೆ ಹೋದಂತೆ. ಕಷ್ಟ ಏನೆಂದರೆ, ಅಷ್ಟು ದಿನ ಮನೆಗೆ ದುಡ್ಡು ಬರುವುದಿಲ್ಲ. ಸಂಘ ಮೊದಲೇ ಸ್ವಲ್ಪ ಹಣ ಕೂಡಿಡದೆ ಸುಮ್ನೆ ನಿಷೇಧ ಹಾಕಿದರೆ ಜನ ರಾತ್ರಿ ಕದ್ದು ಬಲೆ ಹಾಕುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ.

ಜಲಾಶಯದ ಲೆಕ್ಕ ಬೇರೆ. ನಿಂತ ನೀರಿನಲ್ಲಿ ಈ ಮೀನುಗಳು ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ನಾವೇ ತಂದು ಬಿಟ್ಟ ಮರಿಗಳು ಬೆಳೆಯಬೇಕು. ಅಲ್ಲಿ ದೊಡ್ಡ ಕಣ್ಣಿನ, ಅಂದರೆ ದೊಡ್ಡ ತೂತುಗಳಿರುವ ಬಲೆಯೇ ಜಾಸ್ತಿ ಉಪಯೋಗ. ಸಣ್ಣವು ತಪ್ಪಿಸಿಕೊಳ್ಳುತ್ತವೆ, ದಿನದ ದುಡಿಮೆಯೂ ನಿಲ್ಲುವುದಿಲ್ಲ. ಹೊಸ ಬಲೆಗೆ ಖರ್ಚಿದೆ, ಮೊದಮೊದಲು ಮೀನು ಕಡಿಮೆ ಸಿಗುತ್ತದೆ. ಆದರೆ ಒಬ್ಬರು ಹಳೆ ಬಲೆ ಬಿಟ್ಟು ಇನ್ನೊಬ್ಬರು ಅದನ್ನೇ ಹಾಕಿದರೆ ಬಿಟ್ಟವರಿಗಷ್ಟೇ ನಷ್ಟ. ಎಲ್ಲರೂ ಒಂದೇ ದಿನ ಬಲೆ ಬದಲಿಸುವುದು ಒಳ್ಳೆಯದು.