ಗಲ್ಪ್ 5ಕ್ಕೆ ಬಂದ ಮೇಲೆ: ಆಡಿಟ್ ಶಾಂತವಾಯಿತು, ಚಿತ್ರಗಳು ಕೆಟ್ಟವು

ವೆಬ್‌ಸೈಟ್‌ನ ಫೈಲ್‌ಗಳನ್ನು ಸಿದ್ಧಪಡಿಸುವ ಕೆಲಸಗಳನ್ನು ತಾನಾಗಿ ಮಾಡುವ ಟೂಲ್ ಗಲ್ಪ್. ಅದನ್ನು 3ನೇ ಆವೃತ್ತಿಯ ಕಾಲದಿಂದ ಬಳಸುತ್ತಿದ್ದೇನೆ. ಸಾಸ್‌ನಲ್ಲಿ ಬರೆದ ಸ್ಟೈಲ್‌ಗಳನ್ನು ಬ್ರೌಸರ್‌ಗೆ ಅರ್ಥವಾಗುವ ಸಿಎಸ್‌ಎಸ್‌ಗೆ ಕಂಪೈಲ್ ಮಾಡುವುದು, ಸ್ಕ್ರಿಪ್ಟ್‌ಗಳನ್ನು ಒಂದು ಮಾಡಿ ಕುಗ್ಗಿಸುವುದು, ಚಿತ್ರ ಮತ್ತು ಫಾಂಟ್‌ಗಳನ್ನು ಔಟ್‌ಪುಟ್ ಫೋಲ್ಡರ್‌ಗೆ ಹಾಕುವುದು. ನನಗೆ ಬೇಕಾದದ್ದು ಇಷ್ಟೇ. ಈ ಕೆಲಸಗಳನ್ನು ಟಾಸ್ಕ್‌ಗಳಾಗಿ ಬರೆದಿಡುವ ಗಲ್ಪ್‌ಫೈಲ್ ಮೇಲಿಂದ ಕೆಳಗೆ ಓದಿದರೆ ಏನು ನಡೆಯುತ್ತದೆ ಅಂತ ಹೊಸಬರಿಗೂ ತಿಳಿಯುತ್ತದೆ. ಅದಕ್ಕೇ ಇನ್ನೂ ಬಿಟ್ಟಿಲ್ಲ.

3ರಿಂದ 4ಕ್ಕೆ ಹೋಗಿದ್ದು ಇಷ್ಟಪಟ್ಟಲ್ಲ. ಗಲ್ಪ್ ಓಡುವುದು ನೋಡ್ ಮೇಲೆ, ಅಂದರೆ ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ ಮೇಲೆ. 2019ರಲ್ಲಿ ನೋಡ್ 12 ಬಂತು, ಗಲ್ಪ್ 3 ಶುರುವಾಗುವುದೇ ನಿಂತಿತು. 'ಪ್ರೈಮಾರ್ಡಿಯಲ್ಸ್ ಈಸ್ ನಾಟ್ ಡಿಫೈನ್ಡ್' ಅನ್ನುವ ಎರರ್ ಹಳಬರಿಗೆಲ್ಲ ನೆನಪಿರಬೇಕು. 4ಕ್ಕೆ ಬಂದು, ಟಾಸ್ಕ್‌ಗಳನ್ನು ಸೀರೀಸ್ (ಒಂದಾದ ಮೇಲೊಂದು), ಪ್ಯಾರಲಲ್ (ಒಟ್ಟಿಗೆ) ಅಂತ ಬದಲಿಸಿ ಬರೆದ ಮೇಲೆ ಎಲ್ಲ ಸರಿಹೋಯಿತು.

ನಿಜವಾದ ಕಿರಿಕಿರಿ ಆಮೇಲಿನದು. 2019ರ 4.0.2 ಆದ ಮೇಲೆ 2024ರವರೆಗೆ ಹೊಸ ಆವೃತ್ತಿಯೇ ಬರಲಿಲ್ಲ. ಅಷ್ಟರಲ್ಲಿ ಒಳಗಿನ ಪ್ಯಾಕೇಜ್‌ಗಳು ಹಳತಾದವು. ಎನ್‌ಪಿಎಂ ಅಂದರೆ ನೋಡ್‌ನ ಪ್ಯಾಕೇಜ್‌ಗಳನ್ನು ಹಾಕುವ ಟೂಲ್, ಅವುಗಳಲ್ಲಿರುವ ಭದ್ರತಾ ದೋಷ ಹೇಳುವುದು ಅದರ ಆಡಿಟ್ ಕಮಾಂಡ್. ಅದನ್ನು ಓಡಿಸಿದರೆ ಸಾಕು, ಗಲ್ಪ್ ಒಳಗಿನ ಗ್ಲಾಬ್-ಪೇರೆಂಟ್ ಪ್ಯಾಕೇಜ್ ಹೆಸರಿನಲ್ಲಿ 'ಹೈ' ಅಂತ ಕೆಂಪು ಸಾಲುಗಳು. ಫೋರ್ಸ್ ಹಾಕಿ ಸರಿಪಡಿಸಿ ಅಂತ ಸಲಹೆ ಬೇರೆ. ಏನು ಹಾಕುತ್ತದೆ ಅಂತ ನೋಡಿದರೆ ಗಲ್ಪ್ 3.9.1! ಮುಂದೆ ಹೋಗಲು ದಾರಿ ಕೇಳಿದರೆ ಹಿಂದಕ್ಕೆ ಕಳಿಸುತ್ತದೆ.

ಆ ದೋಷ ಏನು ಅಂತ ಒಮ್ಮೆ ಓದಿದರೆ ಗಾಬರಿ ಕಡಿಮೆಯಾಗುತ್ತದೆ. ಬೇಕಂತಲೇ ವಕ್ರವಾಗಿ ಬರೆದ ಪಾತ್ (ಫೈಲ್ ಇರುವ ಜಾಗದ ವಿಳಾಸ) ಕೊಟ್ಟರೆ ಒಳಗಿನ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ, ಸುತ್ತುತ್ತಲೇ ಇರುತ್ತದೆ, ಪ್ರೋಗ್ರಾಂ ಹ್ಯಾಂಗ್ ಆಗುತ್ತದೆ. ಆದರೆ ಗಲ್ಪ್‌ಫೈಲ್‌ನಲ್ಲಿ ಪಾತ್ ಬರೆಯುವವರು ನಾವೇ ಅಲ್ವಾ? ಹೊರಗಿನವರು ಅಲ್ಲಿ ಏನೂ ಕೊಡುವುದಿಲ್ಲ. ಗಲ್ಪ್ ಡೆವ್ ಡಿಪೆಂಡೆನ್ಸಿಯಲ್ಲಿದ್ದರೆ (ಸೈಟ್ ಕಟ್ಟುವಾಗ ಮಾತ್ರ ಬೇಕಾಗುವ ಪ್ಯಾಕೇಜ್‌ಗಳ ಪಟ್ಟಿ) ಆಡಿಟ್‌ಗೆ 'ಓಮಿಟ್ ಡೆವ್' ಅಂತ ಸೇರಿಸಿ, ಬಳಕೆದಾರರಿಗೆ ನಿಜವಾಗಿ ತಲುಪುವ ಪ್ಯಾಕೇಜ್‌ಗಳ ದೋಷ ಮಾತ್ರ ಕಾಣುತ್ತದೆ.

ಹಾಗಂತ ಡೆವ್ ಪ್ಯಾಕೇಜ್ ಅಂದರೆ ಅಪಾಯವೇ ಇಲ್ಲ ಅಂತಲ್ಲ. 2018ರಲ್ಲಿ ಇವೆಂಟ್-ಸ್ಟ್ರೀಮ್ ಮೂಲಕ ಬಿಟ್‌ಕಾಯಿನ್ ಕದಿಯುವ ಕೋಡ್ ನುಸುಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡೀಬಗ್ ತರಹದ, ಎಲ್ಲೆಲ್ಲೂ ಇರುವ ಪ್ಯಾಕೇಜ್‌ಗಳಿಗೇ ಕೆಟ್ಟ ಕೋಡ್ ಸೇರಿತು. ಹೊಸ ಆವೃತ್ತಿಯ ಜೊತೆಗೇ ಬರುವ ಅಪಾಯ ಇದು. ಅದಕ್ಕೇ ನಾನು ಬಂದ ದಿನವೇ ಅಪ್‌ಡೇಟ್ ಮಾಡುವುದಿಲ್ಲ. ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿ ಬರೆದಿರುವ ಲಾಕ್‌ಫೈಲ್ ಅನ್ನು ಕೋಡ್ ಜೊತೆಗೇ ಕಮಿಟ್ ಮಾಡಿರುತ್ತೇನೆ, ಬಿಲ್ಡ್ ಸರ್ವರ್‌ನಲ್ಲಿ ಎನ್‌ಪಿಎಂನ 'ಇನ್‌ಸ್ಟಾಲ್' ಬದಲು, ಆ ಆವೃತ್ತಿಗಳನ್ನೇ ಹಾಕುವ 'ಸಿಐ' ಕಮಾಂಡ್ ಓಡಿಸುತ್ತೇನೆ.

ಗಲ್ಪ್ 5 ಹಾಕಿದ ಮೇಲೆ ಗ್ಲಾಬ್-ಪೇರೆಂಟ್ ಸಾಲುಗಳು ಹೋದವು. ಬಿಲ್ಡ್ ಓಡಿಸಲು ಟಾಸ್ಕ್‌ಗಳನ್ನು ಮುಟ್ಟಬೇಕಾಗಲಿಲ್ಲ. ಬಿಲ್ಡ್ ಒಂದೂ ಎರರ್ ಇಲ್ಲದೆ ಮುಗಿಯಿತು. ಬ್ರೌಸರ್‌ನಲ್ಲಿ ತೆರೆದರೆ ಒಂದು ಚಿತ್ರವೂ ಇಲ್ಲ! ಫೈಲ್‌ಗಳು ಜಾಗದಲ್ಲೇ ಇದ್ದವು, ಗಾತ್ರ ಮಾತ್ರ ಮೂಲಕ್ಕಿಂತ ಜಾಸ್ತಿ. ಫೈಲ್‌ನ ಬೈಟ್‌ಗಳನ್ನು ಹೆಕ್ಸ್ ಅಂಕಿಗಳಲ್ಲಿ ನೋಡಿದಾಗ ಕಾರಣ ಗೊತ್ತಾಯಿತು. ಪಿಎನ್‌ಜಿ ಫೈಲ್‌ನ ಮೊದಲ ಬೈಟ್ 89 ಇರಬೇಕು, ಅಲ್ಲಿ ಇಎಫ್ ಬಿಎಫ್ ಬಿಡಿ ಅಂತ ಮೂರು ಬೈಟ್ ಕೂತಿದ್ದವು. 5ನೇ ಆವೃತ್ತಿ ಎಲ್ಲ ಫೈಲನ್ನೂ ಯುಟಿಎಫ್-8 ಪಠ್ಯ ಅಂತಲೇ ಓದುತ್ತದೆ. ಪಠ್ಯವಾಗಿ ಅರ್ಥವಾಗದ ಬೈಟ್‌ಗೆ ಬದಲಿ ಅಕ್ಷರ ತುಂಬುತ್ತದೆ, ಆ ಮೂರು ಬೈಟ್ ಅದೇ. ಚಿತ್ರ, ಫಾಂಟ್ ಓದುವ ಕಡೆಯೆಲ್ಲ ಸೋರ್ಸ್‌ಗೆ 'ಎನ್‌ಕೋಡಿಂಗ್: ಫಾಲ್ಸ್' ಕೊಟ್ಟರೆ ಮುಗಿಯಿತು. ಬದಲಾವಣೆಗಳ ಪಟ್ಟಿಯಲ್ಲಿ ಇದು ಇದೆ, ನಿಜ. ಆದರೂ ಒಂದು ಎಚ್ಚರಿಕೆ ಸಾಲೂ ತೋರಿಸದೆ ಫೈಲ್ ಕೆಡಿಸುವುದು ನನ್ನ ಪ್ರಕಾರ ಕೆಟ್ಟ ಡೀಫಾಲ್ಟ್. ಐದರಲ್ಲಿ ಒಂದು ಸ್ಟಾರ್ ಇದಕ್ಕೇ ಕಟ್.

ನಾಲ್ಕು ಸ್ಟಾರ್ ಕೊಡುತ್ತೇನೆ. ಚಿಕ್ಕ ಸೈಟ್, ಹಳೆಯ ಥೀಮ್ ಇರುವವರು ಧೈರ್ಯವಾಗಿ 5ಕ್ಕೆ ಬನ್ನಿ. ರಿಯಾಕ್ಟ್ ತರಹದ ಆ್ಯಪ್ ಹೊಸದಾಗಿ ಕಟ್ಟುವವರಿಗೆ ಇದು ಬೇಡ, ವೀಟ್ ಅನ್ನುವ ಬಿಲ್ಡ್ ಟೂಲ್ ನೋಡಿ.

ಇನ್ನು ಪ್ಲಗಿನ್‌ಗಳು, ಅಂದರೆ ಗಲ್ಪ್‌ಗೆ ಒಂದೊಂದು ಕೆಲಸ ಸೇರಿಸುವ ಪ್ಯಾಕೇಜ್‌ಗಳು. ಗಲ್ಪ್ ಹೊಸದಾದರೂ ಹಳೆಯ ಪ್ಲಗಿನ್‌ಗಳು ಗಲ್ಪ್-ಯುಟಿಲ್ ಅನ್ನುವ ಸಹಾಯಕ ಪ್ಯಾಕೇಜ್ ಎಳೆದು ತರುತ್ತವೆ. ಅದನ್ನು ಕೈಬಿಟ್ಟು ಎಷ್ಟೋ ವರ್ಷ ಆಯಿತು. ಅದರ ಬೆನ್ನಿಗೆ ಲೋಡ್ಯಾಶ್-ಟೆಂಪ್ಲೇಟ್ ಪ್ಯಾಕೇಜ್‌ನ ದೋಷವೂ ಬರುತ್ತದೆ. 'ಎನ್‌ಪಿಎಂ ಎಲ್‌ಎಸ್ ಗಲ್ಪ್-ಯುಟಿಲ್' ಅಂತ ಕೊಡಿ, ಯಾವ ಪ್ಲಗಿನ್ ತರುತ್ತಿದೆ ಅಂತ ಗೊತ್ತಾಗುತ್ತದೆ. ನಾನು ಅಂಥವನ್ನು ಕಿತ್ತು ಹಾಕಿ, ಅವು ಮಾಡುತ್ತಿದ್ದ ಕೆಲಸವನ್ನು ನೋಡ್‌ನಲ್ಲೇ ಒಂದೆರಡು ಸಾಲು ಬರೆದು ಮಾಡಿಕೊಂಡಿದ್ದೇನೆ.